ಪೋಕರ್ ಪ್ರೊ ಅಂತ ಹೇಳಿ ಪಾಲು ಮಾರುವವರಿದ್ದಾರೆ, ಮೈಸೂರು-ಮಂಡ್ಯದವರು ಸ್ವಲ್ಪ ನೋಡ್ಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಸ್ಪೀಟ್ ಆಡಿ ದುಡ್ಡು ಕಳೆದುಕೊಂಡವನಲ್ಲ. ಒಂದು ಎಲೆಯನ್ನೂ ಮುಟ್ಟಿಲ್ಲ. ಆಡಿದ್ದು, ಅಥವಾ ಆಡಿದೆ ಅಂತ ಹೇಳಿದ್ದು, ಬೇರೆಯವನು. ದುಡ್ಡು ಮಾತ್ರ ನನ್ನದು. ಅವನ ಟೂರ್ನಮೆಂಟ್ ಎಂಟ್ರಿಗೆ ದುಡ್ಡು ಹಾಕಿದರೆ ಗೆದ್ದಿದ್ದರಲ್ಲಿ ಪಾಲು, ಅದು ಮಾತು. 90,000 ರೂಪಾಯಿ, ಚೀಟಿ ಎತ್ತಿದ ದುಡ್ಡು. ಮಂಡ್ಯದಲ್ಲಿ ಅಂಗಡಿ ಇಟ್ಟುಕೊಂಡು ಬದುಕುವವನಿಗೆ ಅದು ಸಣ್ಣ ಮೊತ್ತ ಅಲ್ಲ. ಯಾರಿಗಾದರೂ ಹೇಳಿದರೆ "ಇಸ್ಪೀಟಿಗೆ ದುಡ್ಡು ಹಾಕಿದ್ಯಾ?" ಅಂತ ನಗುತ್ತಾರೆ. ನಗಲಿ. ಆದರೆ ಇದೇ ಮನುಷ್ಯ ಇನ್ನೂ ಜನರ ಹತ್ತಿರ ದುಡ್ಡು ಎತ್ತುತ್ತಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಆಸಾಮಿ ಮೈಸೂರಿನವನು. ಹೆಸರು ಹಾಕುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. ಸರಸ್ವತಿಪುರಂ ಕಡೆ ಬಾಡಿಗೆ ಮನೆ, ಒಳ್ಳೆ ಬೈಕು, ಮಾತು ಬೆಣ್ಣೆ. ಇಂಜಿನಿಯರ್ ಕೆಲಸ ಬಿಟ್ಟು ಫುಲ್ ಟೈಮ್ ಪೋಕರ್ ಆಡುತ್ತೇನೆ ಅನ್ನುತ್ತಾನೆ. ಪೋಕರ್ ಆಡಿಯೇ ಬದುಕುವವರು ನಿಜವಾಗಿಯೂ ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಿಪುಣ್ ಜಾವಾ 2017ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಅನ್ನುವ ದೊಡ್ಡ ಪೋಕರ್ ಪಂದ್ಯಾವಳಿಯಲ್ಲಿ ಒಂದೇ ವರ್ಷ ಎರಡು ಬ್ರೇಸ್‌ಲೆಟ್ (ಅಲ್ಲಿ ಒಂದು ಟೂರ್ನಮೆಂಟ್ ಗೆದ್ದವರಿಗೆ ಕೊಡುವ ಕೈಕಡಗ) ಗೆದ್ದರು, ಅದರಲ್ಲಿ ಒಂದು ಆದಿತ್ಯ ಸುಶಾಂತ್ ಜೊತೆಗೂಡಿ. ಇವನೂ ಅದನ್ನೇ ಹೇಳಿಯೇ ಶುರು ಮಾಡಿದ್ದು. ಆಮೇಲೆ ಕ್ರಿಸ್ ಮನಿಮೇಕರ್ ಕಥೆ. ಅಮೆರಿಕದ ಒಬ್ಬ ಅಕೌಂಟೆಂಟ್, ಆನ್‌ಲೈನ್‌ನಲ್ಲಿ 86 ಡಾಲರ್ ಕಟ್ಟಿ ಆಡಿದ ಆಟದಿಂದ 10,000 ಡಾಲರ್ ಎಂಟ್ರಿ ಗಿಟ್ಟಿಸಿಕೊಂಡು, 2003ರಲ್ಲಿ 838 ಜನರನ್ನು ದಾಟಿ 25 ಲಕ್ಷ ಡಾಲರ್ ಗೆದ್ದ. ಎಲ್ಲ ನಿಜವೇ, ಆಮೇಲೆ ನಾನೇ ಹುಡುಕಿ ನೋಡಿದೆ. ಇವರ ಕೈಚಳಕ ಇರುವುದೇ ಅಲ್ಲಿ. ಹೇಳುವ ಕಥೆಗಳೆಲ್ಲ ನಿಜ, ತನ್ನದೊಂದು ಬಿಟ್ಟು.

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತಲ್ಲ, ದುಡ್ಡಿಟ್ಟು ಆಡುವ ಆ್ಯಪ್‌ಗಳೆಲ್ಲ ಆಟ ನಿಲ್ಲಿಸಿದವು. ಆಗ ಇವನು "ಇನ್ನು ಲೈವ್ ಮಾತ್ರ ಅಣ್ಣ, ಗೋವಾದಲ್ಲಿ ಮಾಂಡೋವಿ ನದಿ ಮೇಲೆ ಕ್ಯಾಸಿನೋ ಹಡಗುಗಳಿವೆ, ಅಲ್ಲಿ ಎಲ್ಲ ಲೀಗಲ್" ಅಂದ. ಗೋವಾ ಪ್ಯಾಕೇಜ್ ಅಂತ ಒಂದು ಪಟ್ಟಿ ಕಳಿಸಿದ. ಅಷ್ಟೂ ಟೂರ್ನಮೆಂಟಿನ ಎಂಟ್ರಿ ಸೇರಿ 5 ಲಕ್ಷ. 60 ಪರ್ಸೆಂಟ್ ಮಾರುತ್ತೇನೆ, 40 ನನ್ನದೇ ಅಂದ. ಮಾರ್ಕಪ್ 1.2. ಅಂದರೆ 15 ಪರ್ಸೆಂಟ್ ಬೇಕಾದರೆ 75,000 ಸಾಲದು, 90,000 ಕೊಡಬೇಕು. ಮೇಲಿನ 15,000 ಅವನ ಆಟದ ಬೆಲೆ. ಇದು ಆ ಲೋಕದಲ್ಲಿ ನಡೆಯುವ ಪದ್ಧತಿಯೇ, ದೊಡ್ಡ ಆಟಗಾರರೂ ಪಾಲು ಮಾರುತ್ತಾರೆ. ಗೆದ್ದರೆ ಬಂದಿದ್ದರಲ್ಲಿ 15 ಪರ್ಸೆಂಟ್ ನನಗೆ, ಸೋತರೆ ಅಲ್ಲಿಗೆ ಮುಗಿಯಿತು. ಲೆಕ್ಕ ಸರಿಯಾಗಿಯೇ ಇತ್ತು.

"ನನ್ನ ರೆಕಾರ್ಡ್ ನೋಡಿ" ಅಂತ ಒಂದು ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಕಳಿಸಿದ. ಒಟ್ಟು ಗೆಲುವು 42 ಲಕ್ಷ. ಇಲ್ಲಿ ಸ್ವಲ್ಪ ನಿಲ್ಲಿ. ಆ ಪಟ್ಟಿಗಳಲ್ಲಿ ಬರುವುದು ಬಹುಮಾನದ ಮೊತ್ತ ಮಾತ್ರ. ಕಟ್ಟಿದ ಎಂಟ್ರಿ ಅದರಲ್ಲಿ ಕಳೆದಿರುವುದಿಲ್ಲ. 42 ಲಕ್ಷ ಗೆಲ್ಲಲು 50 ಲಕ್ಷ ಕಟ್ಟಿದ್ದರೂ ಅಲ್ಲಿ ಕಾಣುವುದು 42 ಲಕ್ಷವೇ! ಒಂದು ಟೂರ್ನಮೆಂಟಿನಲ್ಲಿ 1,10,000 ಬಂದಿದೆ ಅಂತ ಕುಣಿದಾಡುತ್ತಿದ್ದ. ಎಂಟ್ರಿ 35,000. ಔಟ್ ಆದರೆ ಮತ್ತೆ ದುಡ್ಡು ಕಟ್ಟಿ ಒಳಗೆ ಹೋಗಬಹುದು, ಅವರ ಭಾಷೆಯಲ್ಲಿ ಬುಲೆಟ್. ಇವನು ಅಲ್ಲಿ ಮೂರು ಬುಲೆಟ್ ಹೊಡೆದಿದ್ದ. 1,05,000 ಹೋಗಿ 1,10,000 ಬಂತು. ಎಂಟ್ರಿ ಬಿಟ್ಟು ಉಳಿದದ್ದು 5,000. ಅದಕ್ಕೆ ಟ್ರೋಫಿ ಹಿಡಿದವನ ಹಾಗೆ ಫೋಟೋ ಬೇರೆ!

ಸರಿ, ಗೋವಾಕ್ಕೆ ಹೋದ. ಮೊದಲ ಟೂರ್ನಮೆಂಟ್, ಔಟ್. "ಅಣ್ಣ ನನ್ನ ಹತ್ರ ಎರಡು ಎಕ್ಕ, ಅವನ ಹತ್ರ ಎರಡು ರಾಜ, ಎಲ್ಲ ಒಳಗೆ ಹಾಕಿದ್ವಿ, ರಿವರ್‌ನಲ್ಲಿ ರಾಜ ಬಂತು." ರಿವರ್ ಅಂದರೆ ಮೇಜಿನ ಮೇಲೆ ಬೀಳುವ ಕೊನೆ ಎಲೆ. ಪಾಪ ಅನಿಸಿತು. ಎರಡನೆಯದು, ಮತ್ತೆ ಎರಡು ಎಕ್ಕ, ಮತ್ತೆ ಎದುರಿಗೆ ರಾಜ, ಮತ್ತೆ ಕೊನೆ ಎಲೆಯಲ್ಲಿ ಸೋಲು. ಮೂರನೆಯದರಲ್ಲೂ ಅದೇ. ಕೈಗೆ ಎರಡು ಎಕ್ಕ ಬೀಳುವುದು ಸರಾಸರಿ 221 ಕೈಗೆ ಒಂದು ಸಲ. ಲೈವ್ ಮೇಜಿನಲ್ಲಿ ಗಂಟೆಗೆ 30 ಕೈ ನಡೆದರೆ ಹೆಚ್ಚು. ಅಂದರೆ ಏಳೆಂಟು ಗಂಟೆ ಕೂತರೆ ಒಂದು ಸಲ. ಎಕ್ಕ ರಾಜನಿಗೆ ಸೋಲುವುದು ಉಂಟು, ಹತ್ತಿರ ಹತ್ತಿರ ಐದಕ್ಕೆ ಒಂದು ಸಲ. ಆದರೆ ಹೋದಲ್ಲೆಲ್ಲ ಇವನಿಗೆ ಎಕ್ಕ, ಎದುರಿನವನಿಗೆ ಅದೇ ಕೈಯಲ್ಲಿ ರಾಜ, ಕೊನೆಗೆ ಸೋಲು? ಕಥೆಯನ್ನಾದರೂ ಬದಲಾಯಿಸಬಾರದಾ?

ಕೇಳಿದರೆ ಒಂದೇ ಉತ್ತರ. "ವೇರಿಯನ್ಸ್ ಅಣ್ಣ." ಅಂದರೆ ಅದೃಷ್ಟದ ಏರಿಳಿತ. ಜೊತೆಗೆ ಕೈಮುಗಿದ ಚಿತ್ರ. ಊಟ ಆಯ್ತಾ ಅಂತ ಕೇಳಿದರೂ ವೇರಿಯನ್ಸ್ ಅನ್ನುತ್ತಿದ್ದನೇನೋ.

ಈ ವೇರಿಯನ್ಸ್ ಅನ್ನುವುದು ಸುಳ್ಳಲ್ಲ, ಅದೇ ತಲೆನೋವು. ಟೂರ್ನಮೆಂಟಿನಲ್ಲಿ ಬಹುಮಾನ ಸಿಗುವುದು ನೂರಕ್ಕೆ ಹತ್ತೋ ಹದಿನೈದೋ ಜನರಿಗೆ. ಒಳ್ಳೆ ಆಟಗಾರನೂ ಹೆಚ್ಚಿನ ದಿನ ಸೋತೇ ಏಳುತ್ತಾನೆ. ತಿಂಗಳುಗಟ್ಟಲೆ ಏನೂ ಬರದೆ ಇರಬಹುದು. ಅದಕ್ಕೇ ನಿಜವಾದ ಪ್ರೊಗಳು ಆಟದ ದುಡ್ಡು ಬೇರೆ, ಮನೆ ದುಡ್ಡು ಬೇರೆ ಇಡುತ್ತಾರೆ, ಕಟ್ಟಿದ ಪ್ರತಿ ಎಂಟ್ರಿ ಬರೆದಿಡುತ್ತಾರೆ. ಹೊರಗಿನಿಂದ ನೋಡುವ ನಮಗೆ ಮಾತ್ರ ನಿಯತ್ತಿನ ಸೋಲೂ ಕಳ್ಳ ಸೋಲೂ ಒಂದೇ ಥರ ಕಾಣುತ್ತವೆ. ಇವನು ಅವಿತುಕೊಂಡಿದ್ದು ಅಲ್ಲೇ.

ಕೊನೆಗೊಂದು ಟೂರ್ನಮೆಂಟಿನಲ್ಲಿ ದುಡ್ಡು ಬಂತು ಅಂದ. 1,40,000. ನನ್ನ ಪಾಲು 21,000. ಹೋದ ಅಷ್ಟೂ ದುಡ್ಡು ಬರದಿದ್ದರೂ ಇಷ್ಟಾದರೂ ಬಂತಲ್ಲ ಅಂದುಕೊಂಡು ಅಕೌಂಟ್ ನಂಬರ್ ಕಳಿಸಿದೆ. ಬಂದ ಉತ್ತರ ಇದು: "ಅಣ್ಣ ಅದು ಮೇಕಪ್‌ಗೆ ಹೋಗುತ್ತೆ."

ಮೇಕಪ್ ಅಂದರೆ, ಒಬ್ಬ ಆಟಗಾರನಿಗೆ ಒಬ್ಬನೇ ಧಣಿ ಕಾಯಂ ಆಗಿ ದುಡ್ಡು ಹಾಕುತ್ತಿದ್ದರೆ, ಹಳೆ ಸೋಲು ತುಂಬುವವರೆಗೆ ಆಟಗಾರನಿಗೆ ಲಾಭದ ಪಾಲು ಇಲ್ಲ ಅನ್ನುವ ಕರಾರು. ಅದು ಧಣಿಯನ್ನು ಕಾಪಾಡುವ ಕರಾರು! ಒಂದು ಪ್ಯಾಕೇಜಿನ ಪಾಲು ಕೊಂಡವನಿಗೆ ಅದಕ್ಕೂ ಸಂಬಂಧವೇ ಇಲ್ಲ. ಇವನು ಇನ್ಯಾರಿಗೋ ಉಳಿಸಿಕೊಂಡಿದ್ದ ಹಳೆ ಸಾಲಕ್ಕೆ ನನ್ನ 21,000 ಹಾಕಿ, ಅದಕ್ಕೊಂದು ಹೆಸರು ಕೊಟ್ಟ. ಜೋರು ಮಾಡಿ ಕೇಳಿದ್ದಕ್ಕೆ "ಮತ್ತೆ 30 ಪರ್ಸೆಂಟ್ ಟ್ಯಾಕ್ಸ್ ಕಟ್ ಆಗಿದೆ ಅಣ್ಣ" ಅಂದ. ಇಸ್ಪೀಟಿನ ಗೆಲುವಿಗೆ 30 ಪರ್ಸೆಂಟ್ ತೆರಿಗೆ ಇರುವುದು ನಿಜ. ಹಿಡಿದುಕೊಂಡಿದ್ದರೆ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಬರುತ್ತದೆ, ತೋರಿಸು ಅಂದೆ. "ನಿಮಗೆ ಪೋಕರ್ ಅರ್ಥ ಆಗಲ್ಲ ಸಾರ್." ಅಲ್ಲಿವರೆಗೆ ಅಣ್ಣ, ಅಲ್ಲಿಂದ ಸಾರ್.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಂಡ್ಯದಲ್ಲಿ ನೆಂಟರ ಮದುವೆ. ಊಟ ಮುಗಿಸಿ ಛತ್ರದ ಹೊರಗೆ ನಿಂತಿದ್ದೆ. ಪರಿಚಯದವರೊಬ್ಬರು, ಮೈಸೂರಲ್ಲಿ ವ್ಯಾಪಾರ, ಮಾತಿಗೆ ಮಾತು ಬಂದು "ಗೋವಾ ಪ್ಯಾಕೇಜ್‌ಗೆ ಸ್ವಲ್ಪ ಹಾಕಿದ್ದೆ, ಹೋಯ್ತು" ಅಂದರು. ಯಾವ ಗೋವಾ? ಟೂರಾ? "ಅಲ್ಲ ಮಾರಾಯ್ರೇ, ಪೋಕರ್." ಅದೇ ಮನುಷ್ಯ. ಅದೇ ಪಟ್ಟಿ. ಅವರದು 20 ಪರ್ಸೆಂಟ್. ಹುಣಸೂರಿನ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಇದ್ದಾರೆ, ಅವರದೂ ಉಂಟು ಅಂತ ಅಲ್ಲಿಂದಲೇ ಫೋನ್ ಹಾಕಿದರು. 25. ಅವರಿಗೆ ಗೊತ್ತಿದ್ದ ಜಿಮ್ ಓನರ್, 30. ಆ ಜಿಮ್‌ಗೇ ಬರುವ ಇಬ್ಬರು ಹುಡುಗರು, 20, 20. ಬರೆದುಕೊಳ್ಳಲು ಕಾಗದ ಇರಲಿಲ್ಲ, ಕೈಯಲ್ಲಿದ್ದ ತಾಂಬೂಲದ ಚೀಲದ ಮೇಲೇ ಬರೆಯುತ್ತಾ ಹೋದೆ, ವಧೂವರರ ಹೆಸರಿನ ಕೆಳಗೆ. 15, 20, 25, 30, 20, 20. ಕೂಡಿಸಿದರೆ 130. ಅವನೇ ಇಟ್ಟುಕೊಂಡೆ ಅಂದಿದ್ದ 40 ಸೇರಿಸಿದರೆ 170. ಒಂದೇ ಸೈಟನ್ನು ಹತ್ತು ಜನಕ್ಕೆ ರಿಜಿಸ್ಟರ್ ಮಾಡಿಕೊಡುವವರಿಲ್ವಾ, ಹಾಗೆ.

ಯೋಚನೆ ಮಾಡಿ ನೋಡಿ. 5 ಲಕ್ಷದ 130 ಪರ್ಸೆಂಟ್ ಆರೂವರೆ ಲಕ್ಷ. 1.2 ಮಾರ್ಕಪ್ ಹಾಕಿದರೆ 7,80,000. ಅಷ್ಟು ದುಡ್ಡು ನಮ್ಮಿಂದ ಎತ್ತಿದ್ದಾನೆ. ಪೂರ್ತಿ ಆಡಿ ಪೂರ್ತಿ ಸೋತರೂ 2,80,000 ಅವನ ಜೇಬಲ್ಲಿ. ಗೆದ್ದರೆ ಅವನಿಗೇ ಕಷ್ಟ! 10 ಲಕ್ಷ ಗೆದ್ದರೆ ನಮಗೆಲ್ಲ 13 ಲಕ್ಷ ಹಂಚಬೇಕು. ಸೋತರೇ ಅವನಿಗೆ ಲಾಭ. ನಾನು ರಾತ್ರಿ ಎದ್ದು "ಈ ಸಲ ಎಕ್ಕ ನಿಲ್ಲಲಪ್ಪಾ ಚಾಮುಂಡಿ" ಅಂತ ಬೇಡಿಕೊಳ್ಳುತ್ತಿದ್ದಾಗ ಅವನು ಸೋತರೆ ಸಾಕು ಅಂತ ಕೂತಿದ್ದ. ಆಡಿದ್ದನೋ ಇಲ್ಲವೋ ದೇವರಿಗೇ ಗೊತ್ತು.

ಆಡಿದ್ದಕ್ಕೆ ಸಾಕ್ಷಿ ಅಂತ ನನಗೆ ಕಳಿಸಿದ್ದು ಒಂದು ಎಂಟ್ರಿ ಚೀಟಿಯ ಫೋಟೋ. ಟೇಬಲ್ ನಂಬರ್, ಸೀಟ್ ನಂಬರ್, ಇವನ ಹೆಸರು, ಎಲ್ಲ ಕಾಣುತ್ತದೆ. ದಿನಾಂಕದ ಜಾಗದಲ್ಲಿ ಮಾತ್ರ ಹೆಬ್ಬೆರಳು. ಆ ದಿನ ಛತ್ರದ ಹೊರಗೆ ಆ ಇನ್ನೊಬ್ಬರು ತಮ್ಮ ಫೋನ್ ತೆಗೆದು ತೋರಿಸಿದರು. ಅವರಿಗೆ ಇನ್ನೊಂದು ಟೂರ್ನಮೆಂಟಿನದು ಅಂತ ಕಳಿಸಿದ ಚೀಟಿ. ಅದೇ ಟೇಬಲ್, ಅದೇ ಸೀಟು, ಅದೇ ಹೆಬ್ಬೆರಳು, ಉಗುರಿನ ಪಕ್ಕದ ಗಾಯದ ಗುರುತು ಸಮೇತ.

ಅಲ್ಲಿಂದಲೇ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಮೆಸೇಜ್ ಬಂತು. "ಸಾರ್ ಅದು ಸ್ವಾಪ್." ಸ್ವಾಪ್ ಅಂದರೆ ಇಬ್ಬರು ಆಟಗಾರರು ತಮ್ಮ ಪಾಲನ್ನು ಅದಲುಬದಲು ಮಾಡಿಕೊಳ್ಳುವುದು. ಹೊಗೆಸೊಪ್ಪು ಬೆಳೆಯುವವರ ಜೊತೆ ಏನಪ್ಪಾ ಸ್ವಾಪು? ಅದನ್ನೇ ಕೇಳಿದೆ. "ಅವರದು ಬೇರೆ ಪ್ಯಾಕೇಜ್." ಎರಡೂ ಪಟ್ಟಿ ಪಕ್ಕ ಪಕ್ಕ ಇಟ್ಟು ಕಳಿಸಿದೆ. "ಗ್ರೂಪ್‌ನಲ್ಲಿ ಹಾಕಬೇಡಿ ಸಾರ್, ನನ್ನ ಕರಿಯರ್ ಹಾಳಾಗುತ್ತೆ." ಕರಿಯರ್ ಅಂತೆ! ಆಮೇಲೆ ನಾವು ಆರೂ ಜನ ಒಂದು ಗ್ರೂಪ್ ಮಾಡಿ ಅವನನ್ನು ಸೇರಿಸಿದೆವು. "ಫಿಶ್‌ಗಳ ಜೊತೆ ಬಿಸಿನೆಸ್ ಮಾಡಿದ್ದು ನನ್ನ ತಪ್ಪು" ಅಂತ ಬರೆದು ಗ್ರೂಪ್ ಬಿಟ್ಟ. ಆಟ ಬರದ ಪೆದ್ದನನ್ನು ಅವರು ಫಿಶ್ ಅನ್ನುತ್ತಾರೆ. ನಮ್ಮ ದುಡ್ಡು ತಿಂದು ನಮಗೇ ಮೀನು ಅಂತ ಹೆಸರಿಟ್ಟ.

ಅವನು ಹೇಳದ ಕಥೆಗಳನ್ನು ಆಮೇಲೆ ಓದಿದೆ. ಸ್ಟೂ ಅಂಗರ್ ಅಂತ ಒಬ್ಬ, 1980, 1981, 1997, ಮೂರು ಸಲ ವರ್ಲ್ಡ್ ಸೀರೀಸ್ ಮುಖ್ಯ ಟೂರ್ನಮೆಂಟ್ ಗೆದ್ದವನು. 1997ರಲ್ಲಿ ಕೈಯಲ್ಲಿ ಎಂಟ್ರಿಗೂ ಕಾಸಿರಲಿಲ್ಲ, ಬಿಲ್ಲಿ ಬ್ಯಾಕ್ಸ್‌ಟರ್ ಅನ್ನುವವನು 10,000 ಡಾಲರ್ ಕಟ್ಟಿದ, 10 ಲಕ್ಷ ಡಾಲರ್ ಬಂತು, ಅರ್ಧ ಬ್ಯಾಕ್ಸ್‌ಟರ್‌ಗೆ ಹೋಯಿತು. ಕೊಟ್ಟ ಮಾತು ನಡೆಯಿತು. ಮರುವರ್ಷವೇ ಅಂಗರ್ 45ನೇ ವಯಸ್ಸಿಗೆ ವೇಗಸ್‌ನ ಒಂದು ಅಗ್ಗದ ಮೋಟೆಲ್‌ನಲ್ಲಿ ಸತ್ತುಬಿದ್ದಿದ್ದ, ಅದು ಬೇರೆ ಮಾತು. 2006ರಲ್ಲಿ ಜೇಮಿ ಗೋಲ್ಡ್ 1.2 ಕೋಟಿ ಡಾಲರ್ ಗೆದ್ದಾಗ, ಅರ್ಧ ಕೊಡುತ್ತೇನೆ ಅಂದಿದ್ದ ಅಂತ ಇನ್ನೊಬ್ಬ ಕೋರ್ಟಿಗೆ ಹೋದ, ಕೊನೆಗೆ ರಾಜಿ ಆಯಿತು. ಅಷ್ಟು ದೊಡ್ಡ ಮೊತ್ತಕ್ಕೇ ಬಾಯಿಮಾತು ಜಗಳಕ್ಕೆ ಬಂದಿತ್ತು.

ಠಾಣೆಗೆ ಹೋದರೆ ಮೊದಲು ನಕ್ಕರು. "ಇಸ್ಪೀಟಿಗೆ ದುಡ್ಡು ಕೊಟ್ಟು ಈಗ ಕಂಪ್ಲೇಂಟಾ?" ವಕೀಲರು ಹೇಳಿದ ಪ್ರಕಾರ ಬಾಜಿ ಕರಾರು ಅನ್ನಿಸಿಕೊಂಡರೆ 1872ರ ಕರಾರು ಕಾಯ್ದೆ 30ನೇ ಸೆಕ್ಷನ್ ಪ್ರಕಾರ ಅದು ಊರ್ಜಿತವೇ ಅಲ್ಲ, ಬಾಕಿ ಕೊಡು ಅಂತ ದಾವೆ ಹಾಕಿದರೆ ನಿಲ್ಲುವುದು ಕಷ್ಟ. ಆದರೆ ಇಲ್ಲದ ಪಾಲು ಮಾರಿದ್ದು ವಂಚನೆ, ಅದಕ್ಕೆ ಭಾರತೀಯ ನ್ಯಾಯ ಸಂಹಿತೆ 318 ಇದೆ. ಆ ದಾರಿಯಲ್ಲಿ ದೂರು ಕೊಟ್ಟಿದ್ದೇವೆ. ಆರು ಜನರೂ ಸಹಿ ಹಾಕಿದ್ದೇವೆ. ಫೋನ್‌ನಲ್ಲಿ ದುಡ್ಡು ಕಳಿಸಿದವರು ಬೇಗ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ದುಡ್ಡು ಅಕೌಂಟಿನಿಂದ ಅಕೌಂಟಿಗೆ ಹಾರುತ್ತಾ ಹೋಗುತ್ತದೆ.

ಯಾರಾದರೂ ಪಾಲು ಮಾರಲು ಬಂದರೆ, ಉಳಿದ ಪಾಲುದಾರರ ಹೆಸರು ಕೇಳಿ, ಎಲ್ಲರನ್ನೂ ಒಂದೇ ಗ್ರೂಪಿಗೆ ಹಾಕು ಅನ್ನಿ. "ಅವರು ಪ್ರೈವಸಿ ಬಯಸುತ್ತಾರೆ" ಅಂದರೆ ಅಲ್ಲಿಗೇ ಎದ್ದು ಬನ್ನಿ, ನನಗೂ ಹಾಗೇ ಅಂದಿದ್ದ. ಗೆಲುವಿನ ಪಟ್ಟಿ ಬೇಡ, ಕಟ್ಟಿದ ಎಂಟ್ರಿಗಳ ಲೆಕ್ಕ ತೋರಿಸಲಿ. ಚೀಟಿಯ ಫೋಟೋ ಕಳಿಸಿದರೆ ಬೆರಳು ತೆಗೆದು ಕಳಿಸು ಅನ್ನಿ.

ಇವತ್ತು ಬೆಳಿಗ್ಗೆ ಆ ಜಿಮ್ ಹುಡುಗನೊಬ್ಬ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಹೊಸ ನಂಬರ್, ಹೊಸ ಡಿಪಿ, ಅದೇ ಮಾತು. ಈ ಸಲ ವಿಯೆಟ್ನಾಂ ಪ್ಯಾಕೇಜ್ ಅಂತೆ, ಮಾರ್ಕಪ್ 1.3. "ಕೊನೆ 10 ಪರ್ಸೆಂಟ್ ಉಳಿದಿದೆ ಅಣ್ಣ" ಅಂತ ಬರೆದಿದ್ದಾನೆ. ಮೈಸೂರು, ಮಂಡ್ಯ, ಹುಣಸೂರು, ಎಲ್ಲಿಯವರಾದರೂ ಸರಿ, ಆ ಕೊನೆ 10 ಪರ್ಸೆಂಟ್ ನಿಮಗೂ ಬಂದಿದ್ದರೆ ನನಗೆ ಮೆಸೇಜ್ ಮಾಡಿ. ನಿಮ್ಮ ಪರ್ಸೆಂಟ್ ಎಷ್ಟು ಅಂತ ಹೇಳಿ, ಕೂಡಿಸಿ ನೋಡೋಣ.