ತೆಳ್ಳನೆಯ ಫೋನು ಹಿಡಿದು ಬೆಳೆ ಸಮೀಕ್ಷೆಗೆ ಹೋದ ಮಳೆಗಾಲ

2025ರ ಮುಂಗಾರಿನಲ್ಲಿ ಸುಮಾರು ಒಂದೂವರೆ ತಿಂಗಳು ನಾನು ಒಂದು ತೆಳ್ಳನೆಯ ಫೋನು ಹಿಡಿದು ಗದ್ದೆ, ತೋಟ, ಬೆಟ್ಟ ಸುತ್ತಿದೆ. ಆ ಫೋನಿನ ಬಗ್ಗೆ ಬರೆಯುತ್ತಿದ್ದೇನೆ, ಆದರೆ ಅದರ ಹೆಸರು ಬರೆಯುವುದಿಲ್ಲ. ನಾನು ಪಟ್ಟ ಪಾಡನ್ನು ಒಂದು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ತೆಳ್ಳಗಾಗಬೇಕೆಂದು ಹೊರಟ ಬಹುಪಾಲು ಫೋನುಗಳ ಪಾಡು ಅದೇ.

ನಮ್ಮದು ಹೊಸನಗರ ತಾಲ್ಲೂಕು. ಒಂದೂವರೆ ಎಕರೆ ಅಡಿಕೆ ತೋಟವಿದೆ. ತೋಟದ ಕೆಲಸದ ಜೊತೆಗೆ ಸರ್ಕಾರದ ಬೆಳೆ ಸಮೀಕ್ಷೆ ಮಾಡುತ್ತೇನೆ. ಈ ಕೆಲಸಕ್ಕೆ ಊರಿನವರನ್ನೇ ತೆಗೆದುಕೊಳ್ಳುತ್ತಾರೆ. ಕಡತದಲ್ಲಿ ನಾವು ಖಾಸಗಿ ನಿವಾಸಿಗಳು, ಊರಿನವರ ಬಾಯಲ್ಲಿ ಪಿ.ಆರ್.ಗಳು. ಒಂದೊಂದು ಸರ್ವೆ ನಂಬರಿಗೂ ಒಂದೊಂದು ಹಿಸ್ಸಾಕ್ಕೂ ಹೋಗಿ, ಆ ಜಾಗದಲ್ಲೇ ನಿಂತು, ಜಿಪಿಎಸ್ ಹಿಡಿದು, ಯಾವ ಬೆಳೆ ಎಷ್ಟು ಜಾಗದಲ್ಲಿದೆ ಎಂದು ತುಂಬಿ, ಚಿತ್ರ ತೆಗೆಯಬೇಕು. ದುಡ್ಡು ಪ್ಲಾಟಿನ ಲೆಕ್ಕದಲ್ಲಿ ಬರುತ್ತದೆ. ಫೋನು ಆರಿದ ಕ್ಷಣಕ್ಕೆ ಅವತ್ತಿನ ದುಡಿಮೆಯೂ ನಿಂತಿತು.

ಹತ್ತಿರ ಹತ್ತಿರ ಐದು ವರ್ಷ ನನ್ನ ಕೈಯಲ್ಲಿ ಇದ್ದದ್ದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ51. 2020ರಲ್ಲಿ ಬಂದ ಫೋನು: 7,000 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎನ್ನುವ ಅಳತೆ) ಬ್ಯಾಟರಿ, 9.5 ಮಿಲಿಮೀಟರ್ ದಪ್ಪ, 213 ಗ್ರಾಂ ತೂಕ. ನೋಡಲು ಇಟ್ಟಿಗೆಯಂತಿದ್ದ ಅದು ಮಳೆಗಾಲದಲ್ಲಿ ನನ್ನನ್ನು ಒಂದು ದಿನವೂ ಅರ್ಧ ದಾರಿಯಲ್ಲಿ ಬಿಟ್ಟಿರಲಿಲ್ಲ. ಜೂನ್‌ನಲ್ಲಿ ಜಂಬಿಟ್ಟಿಗೆ ಮೆಟ್ಟಿಲ ಮೇಲೆ ನನ್ನ ಕೈಜಾರಿ ಬಿದ್ದು ಪರದೆ ಒಡೆಯಿತು. ಬೆಂಗಳೂರಿನಲ್ಲಿರುವ ತಮ್ಮ ಹೊಸ ಫೋನು ಕಳಿಸಿದ. ಆರೂವರೆ ಮಿಲಿಮೀಟರ್ ದಪ್ಪ, 4,500 ಎಂಎಎಚ್ ಬ್ಯಾಟರಿ. ಪೆಟ್ಟಿಗೆಯಿಂದ ತೆಗೆದು ಅಂಗೈ ಮೇಲೆ ಇಟ್ಟುಕೊಂಡಾಗ ನಿಜವಾಗಿಯೂ ಖುಷಿಯಾಯಿತು. ಚೂಡಿದಾರದ ಪುಟ್ಟ ಜೇಬಿನಲ್ಲಿ ಪೂರ್ತಿ ಕೂರುವ ಫೋನು ನನಗೆ ಸಿಕ್ಕಿದ್ದು ಅದೇ ಮೊದಲು. ಹೆಂಗಸರ ಉಡುಪಿಗೆ ಜೇಬು ಹೊಲಿಯುವವರು ಫೋನಿನ ಅಳತೆಯನ್ನು ಇನ್ನೂ ಕೇಳಿಯೇ ಇಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ರಾತ್ರಿ ಮಲಗಿ ಓದುವಾಗ ಕೈ ಸೋಲುತ್ತಿರಲಿಲ್ಲ. ಪರದೆ ಚೆನ್ನ, ಚಿತ್ರ ಚೆನ್ನ. ಮನೆಯಲ್ಲಿ ಇರುವ ತನಕ ಅದರಲ್ಲಿ ಒಂದೂ ಕೊರತೆ ಕಾಣಲಿಲ್ಲ.

ಜುಲೈ ಕೊನೆಯ ವಾರ ಸಮೀಕ್ಷೆಗೆ ಇಳಿದೆ. ಪ್ಲಾಟುಗಳ ಲೆಕ್ಕಕ್ಕೆ ಇಟ್ಟುಕೊಂಡ ನೋಟು ಪುಸ್ತಕದ ಅಂಚಿನಲ್ಲೇ ಫೋನಿನ ಚಾರ್ಜನ್ನೂ ಬರೆಯುತ್ತಿದ್ದೆ. ಒಂದು ದಿನದ ಪುಟ ಹೀಗಿದೆ: ಎಂಟೂವರೆಗೆ ಮನೆ ಬಿಟ್ಟಾಗ 100. ಹತ್ತು ಗಂಟೆಗೆ 81. ಹನ್ನೆರಡಕ್ಕೆ 56. ಎರಡು ಗಂಟೆಗೆ 30. ಮೂರೂ ಮುಕ್ಕಾಲಿಗೆ 8. ಅದರ ಕೆಳಗೆ ಎರಡು ಸರ್ವೆ ನಂಬರು ಬರೆದು ಸುತ್ತು ಹಾಕಿದ್ದೇನೆ. ಅವೆರಡೂ ಅವತ್ತು ಉಳಿದವು. ಆ ಗದ್ದೆಗೆ ಹೋಗಲು ಹಳ್ಳ ದಾಟಿ ಎರಡು ಕಿಲೋಮೀಟರ್ ನಡೆಯಬೇಕು. ಗದ್ದೆಯ ಯಜಮಾನರು ಕಂಬಳಿಕೊಪ್ಪೆ ಹೊದ್ದು ಅಂಚಿನ ಮೇಲೆ ನಿಂತು ಕಾಯುತ್ತಿದ್ದರು. ಕಪ್ಪಾದ ಪರದೆಯನ್ನು ನೋಡಿ, "ಹೋಗಲಿ ಬಿಡಮ್ಮ, ಗದ್ದೆ ನಾಳೆಯೂ ಇಲ್ಲೇ ಇರುತ್ತದೆ" ಎಂದರು. ಅವರಿಗೆ ಎಪ್ಪತ್ತು ದಾಟಿದೆ. ಮಳೆಯಲ್ಲಿ ಅವರನ್ನು ಅಷ್ಟು ಹೊತ್ತು ನಿಲ್ಲಿಸಿ ಕೆಲಸ ಮುಗಿಸದೆ ಹೊರಟದ್ದು ಇವತ್ತಿಗೂ ನನಗೆ ಬೇಸರ.

ಅದೇ ಫೋನು ತಮ್ಮನ ಕೈಯಲ್ಲಿದ್ದರೆ ರಾತ್ರಿ ಹತ್ತರ ತನಕ ಬರುತ್ತದೆ. ಅವನ ಕಚೇರಿಯಲ್ಲಿ ವೈಫೈ ಇದೆ, ಎದುರಿನ ಕಟ್ಟಡದ ಮೇಲೆ ಟವರ್ ಇದೆ, ಮೇಜಿನ ಪಕ್ಕ ಪ್ಲಗ್ ಇದೆ. ನಮ್ಮಲ್ಲಿ ಗುಡ್ಡದ ಒಂದು ಮಗ್ಗುಲಿಗೆ ಒಂದು ಕಡ್ಡಿ ಸಿಗ್ನಲ್ ಇದ್ದರೆ ಇನ್ನೊಂದು ಮಗ್ಗುಲಿಗೆ ಅದೂ ಇಲ್ಲ. ಟವರ್ ದೂರವಾದಷ್ಟೂ ಫೋನು ತನ್ನ ದನಿ ಏರಿಸಬೇಕು. ಆಚೆ ದಡದವರನ್ನು ಕೂಗಿ ಕರೆದ ಹಾಗೆ. ಸಿಗ್ನಲ್ ಕಳೆದುಹೋದರೆ ಮತ್ತೆ ಮತ್ತೆ ಹುಡುಕುತ್ತದೆ. ಜೇಬಿನಲ್ಲಿ ಸುಮ್ಮನೆ ಇದ್ದಂತೆ ಕಂಡರೂ ಒಳಗೆ ದಣಿಯುತ್ತಲೇ ಇರುತ್ತದೆ. ಅಡಿಕೆ ತೋಟದ ಒಳಗೆ, ದಟ್ಟ ಸೋಗೆಯ ಅಡಿಯಲ್ಲಿ ಜಿಪಿಎಸ್ ಹಿಡಿಯಲು ಒಂದೆರಡು ನಿಮಿಷ ಬೇಕಾಗುವುದೂ ಉಂಟು. ಅಷ್ಟು ಹೊತ್ತೂ ಪರದೆ ಉರಿಯುತ್ತಿರಬೇಕು. ಫೋನು ಪ್ಲಾಸ್ಟಿಕ್ ಕೊಟ್ಟೆಯೊಳಗೆ, ಕೊಟ್ಟೆಯ ಮೇಲೆ ಮಳೆಹನಿ, ಬೆರಳು ಒದ್ದೆ. ಒಂದು ಸಲ ಒತ್ತುವ ಕಡೆ ನಾಲ್ಕು ಸಲ ಒತ್ತುತ್ತೇವೆ. ಫೋನು ಕೊಳ್ಳುವವರಿಗಾಗಿ ಮಾಡುವ ಪರೀಕ್ಷೆಗಳಲ್ಲಿ ವೈಫೈ ಕೋಣೆಯಲ್ಲಿ ವಿಡಿಯೋ ಓಡಿಸಿ ಇಷ್ಟು ಗಂಟೆ ಬಂತು ಎಂದು ಹೇಳುವುದನ್ನು ನೋಡಿದ್ದೇನೆ. ನನಗೆ ಬೇಕಾದ ಉತ್ತರ ಬೇರೆ: ಒಂದು ಕಡ್ಡಿ ಸಿಗ್ನಲ್‌ನಲ್ಲಿ, ಸಂಜೆ ನಾಲ್ಕಕ್ಕೆ, ಎಷ್ಟು ಉಳಿದಿರುತ್ತದೆ?

ಪವರ್ ಬ್ಯಾಂಕ್ ಇಟ್ಟುಕೊಳ್ಳಬಾರದೇ ಎಂದು ತಮ್ಮನೂ ಕೇಳಿದ. ಇಟ್ಟುಕೊಂಡೆ. ಸೊಸೈಟಿಯ ಡಿಜಿಟಲ್ ತಕ್ಕಡಿಯಲ್ಲಿ ಅದು ವಯರಿನ ಸಮೇತ 240 ಗ್ರಾಂ ತೂಗಿತು, ಫೋನು 168. ಎರಡೂ ಸೇರಿ 408 ಗ್ರಾಂ. ಹಳೆಯ ಎಂ51ರ ಹತ್ತಿರ ಹತ್ತಿರ ಎರಡರಷ್ಟು. ಒದ್ದೆ ಕೈಯಲ್ಲಿ ವಯರು ಸಿಕ್ಕಿಸಲು ಹೋದರೆ ಚಾರ್ಜಿಂಗ್ ಕಿಂಡಿಯಲ್ಲಿ ತೇವವಿದೆ ಎಂದು ಪರದೆ ಎಚ್ಚರಿಸಿ ಚಾರ್ಜ್ ನಿಲ್ಲಿಸುತ್ತಿತ್ತು. ಎಚ್ಚರಿಸುವುದು ಸರಿಯೇ, ಆದರೆ ಅಲ್ಲಿ ಒಣಗಿಸುವುದಕ್ಕೆ ಒಣಬಟ್ಟೆ ಎಲ್ಲಿಂದ ತರಲಿ? ಆಗಸ್ಟ್‌ನಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ. ಮೇಲಿನ ಮನೆಯವರು ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿಕೊಂಡಿದ್ದಾರೆ. ಅವರ ಜಗಲಿಯಲ್ಲಿ ಕೇರಿಯ ಫೋನುಗಳೆಲ್ಲ ಸಾಲಾಗಿ ಚಾರ್ಜಿಗೆ ಕೂತಿದ್ದವು. ಪ್ರತಿ ಸಂಜೆಯೂ ಅಲ್ಲಿಗೆ ಹತ್ತಬೇಕಾದವಳು ನಾನೊಬ್ಬಳೇ.

ಇಷ್ಟೆಲ್ಲ ಆದ ಮೇಲೆ ತೆಳು ಎಂದರೆ ನಿಜವಾಗಿ ಎಷ್ಟು ಎಂದು ಅಳೆದೇ ನೋಡಬೇಕೆನ್ನಿಸಿತು. ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವ ಲೇತ್ ಅಂಗಡಿಗೆ ಎರಡೂ ಫೋನು ಒಯ್ದೆ. ಅಂಗಡಿಯವರು ಗ್ರೀಸ್ ಒರೆಸಿಕೊಂಡು ವರ್ನಿಯರ್ ಕ್ಯಾಲಿಪರ್ ತೆಗೆದರು. ಹೊಸ ಫೋನಿನ ಮೈ 6.5 ಮಿಲಿಮೀಟರ್, ಹೇಳಿದಷ್ಟೇ. ಕ್ಯಾಮೆರಾ ಉಬ್ಬಿದ ಕಡೆ 9.2. ಮೈಯ ದಪ್ಪ ಬರೆಯುವಾಗ ಈ ಉಬ್ಬನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗದ್ದೆಗೆ ಕವರಿಲ್ಲದೆ ಒಯ್ಯುವಂತಿಲ್ಲ. ಕವರು ಹಾಕಿದರೆ ಮೈಯೇ 8.4. ಎಂ51 ಕವರಿಲ್ಲದೆ 9.5. ಅಂದರೆ ನನ್ನ ಕೈಗೆ ದಕ್ಕಿದ ತೆಳುವು ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು. ಅದಕ್ಕೆ ಕೊಟ್ಟದ್ದು 2,500 ಎಂಎಎಚ್. ಹಳೆಯದು ಕವರಿಲ್ಲದೆಯೇ ಹತ್ತಿರ ಹತ್ತಿರ ಐದು ವರ್ಷ ಬಾಳಿತ್ತು ಎನ್ನುವುದೂ ಆಗ ನೆನಪಾಯಿತು.

ಫೋನಿನೊಳಗೆ ಪರದೆಯ ಗಾಜಿಗೆ, ಹಿಂಬದಿಯ ಹಲಗೆಗೆ, ಸರ್ಕ್ಯೂಟಿಗೆ ಇಷ್ಟು ಜಾಗ ಎಂದು ಬೇಕೇ ಬೇಕು. ಅವುಗಳನ್ನು ಹೆಚ್ಚು ಕತ್ತರಿಸಲು ಬರುವುದಿಲ್ಲ. ಒಟ್ಟು ದಪ್ಪದಲ್ಲಿ ಕಡಿತ ಮಾಡಿದರೆ ಅದು ಬಂದು ಬೀಳುವುದು ಬ್ಯಾಟರಿಯ ಪಾಲಿನ ಮೇಲೆ. ಹಂಡೆಯ ಗೋಡೆ ಅಷ್ಟೇ ದಪ್ಪ ಇದ್ದು ಹಂಡೆ ಮಾತ್ರ ಚಿಕ್ಕದಾದರೆ ಕಡಿಮೆಯಾಗುವುದು ನೀರೇ ಅಲ್ಲವೇ? ದುಬಾರಿ ಫೋನುಗಳಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2025ರಲ್ಲಿ ಸ್ಯಾಮ್‌ಸಂಗ್ ತಂದ, 6.7 ಇಂಚಿನ ಪರದೆಯ ಎರಡು ಫೋನು ನೋಡಿ. ಗ್ಯಾಲಕ್ಸಿ ಎಸ್25 ಪ್ಲಸ್ 7.3 ಮಿಲಿಮೀಟರ್, 190 ಗ್ರಾಂ, 4,900 ಎಂಎಎಚ್. ಎಸ್25 ಎಡ್ಜ್ 5.8 ಮಿಲಿಮೀಟರ್, 163 ಗ್ರಾಂ, 3,900 ಎಂಎಎಚ್. ಒಂದೂವರೆ ಮಿಲಿಮೀಟರಿಗೆ ಸರಿಯಾಗಿ ಒಂದು ಸಾವಿರ. ಅದೇ ವರ್ಷ ಬಂದ ಐಫೋನ್ ಏರ್ 5.6 ಮಿಲಿಮೀಟರ್, ಅದರ ಬೆನ್ನಿಗೆ ಅಂಟಿಸಿಕೊಳ್ಳಲು ಒಂದು ಬ್ಯಾಟರಿಯನ್ನೂ ಆಪಲ್ ಬೇರೆಯಾಗಿ ಮಾರುತ್ತದೆ. ಈ ಪೈಪೋಟಿ ಹೊಸದೂ ಅಲ್ಲ. 2014ರಲ್ಲಿ ವಿವೋ ಎಕ್ಸ್5 ಮ್ಯಾಕ್ಸ್ 4.75 ಮಿಲಿಮೀಟರಿಗೆ ಇಳಿದಿತ್ತು, 2,000 ಎಂಎಎಚ್ ಬ್ಯಾಟರಿಯೊಂದಿಗೆ. ಮರುವರ್ಷ ನಮ್ಮ ದೇಶದ ಮೈಕ್ರೋಮ್ಯಾಕ್ಸ್ 5.1 ಮಿಲಿಮೀಟರಿನ ಕ್ಯಾನ್ವಾಸ್ ಸ್ಲಿವರ್ 5 ತಂದಿತು. ಅದಕ್ಕೂ 2,000 ಎಂಎಎಚ್.

ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ಮಾತಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಬ್ಯಾಟರಿಯ ಆಯಸ್ಸನ್ನು ಅದು ಎಷ್ಟು ಸಲ ಪೂರ್ತಿ ತುಂಬಿ ಬರಿದಾಯಿತು ಎನ್ನುವುದರ ಮೇಲೆ ಎಣಿಸುತ್ತಾರೆ. 2025ರ ಜೂನ್ 20ರಿಂದ ಯುರೋಪ್ ಒಕ್ಕೂಟದಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳಿಗೆ ಒಂದು ನಿಯಮವಿದೆ: 800 ಸಲ ತುಂಬಿ ಬರಿದಾದ ಮೇಲೂ ಬ್ಯಾಟರಿ ಮೊದಲಿನ ಶೇಕಡಾ 80ರಷ್ಟಾದರೂ ಹಿಡಿಯಬೇಕು. ನಾನು ತೆಳ್ಳನೆಯ ಫೋನನ್ನು ಮಧ್ಯಾಹ್ನ ಒಮ್ಮೆ ಅರ್ಧ, ರಾತ್ರಿ ಒಮ್ಮೆ ಪೂರ್ತಿ ತುಂಬಿಸುತ್ತಿದ್ದೆ. ದಿನಕ್ಕೆ ಒಂದೂವರೆ ಸಲ ಎಂದರೆ 800 ಸಲ ಮುಗಿಯಲು ಒಂದೂವರೆ ವರ್ಷವೂ ಬೇಡ. ದೊಡ್ಡ ಬ್ಯಾಟರಿಯ ಫೋನು ದಿನಕ್ಕೆ ಮುಕ್ಕಾಲು ಸಲ ಬೇಡಿದರೆ ಅಷ್ಟಕ್ಕೇ ಮೂರು ವರ್ಷ ಹತ್ತಿರವಾಗುತ್ತದೆ. ಸಣ್ಣ ಬ್ಯಾಟರಿ ಮೊದಲ ದಿನವೇ ಕಡಿಮೆ ಕೊಡುತ್ತದೆ, ಮೇಲಾಗಿ ಬೇಗ ಮುದಿಯಾಗುತ್ತದೆ. ಫೋನನ್ನು ನಾಲ್ಕೈದು ವರ್ಷ ಬಾಳಿಸಬೇಕೆನ್ನುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಪಕ್ಕದ ಗ್ರಾಮದ ಸಮೀಕ್ಷೆ ನನ್ನ ಗೆಳತಿಯದು. ಅವಳ ಕೈಯಲ್ಲಿದ್ದದ್ದು ವಿವೋ ಟಿ4. 2025ರ ಏಪ್ರಿಲ್‌ನಲ್ಲಿ ಬಂದ ಫೋನು, ಆರಂಭದ ಬೆಲೆ 21,999 ರೂಪಾಯಿ. ದಪ್ಪ 7.89 ಮಿಲಿಮೀಟರ್, ತೂಕ 199 ಗ್ರಾಂ, ಬ್ಯಾಟರಿ 7,300 ಎಂಎಎಚ್. ನನ್ನ ಎಂ51ಕ್ಕಿಂತ ತೆಳ್ಳಗೆ, ಹಗುರ, ಆದರೂ ಬ್ಯಾಟರಿ ದೊಡ್ಡದು. ಇದು ಸಾಧ್ಯವಾದದ್ದು ಒಳಗಿನ ಪದಾರ್ಥ ಬದಲಾದದ್ದರಿಂದ. ಸಾಮಾನ್ಯ ಬ್ಯಾಟರಿಯಲ್ಲಿ ಲಿಥಿಯಂ ಹೋಗಿ ಕೂರುವುದು ಗ್ರಾಫೈಟಿನಲ್ಲಿ. ಅಷ್ಟೇ ತೂಕದ ಸಿಲಿಕಾನ್ ಅದರ ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿಯಬಲ್ಲದು. ಆದರೆ ತುಂಬಿಕೊಂಡಾಗ ಮೂರು ಪಟ್ಟಿಗೂ ಹೆಚ್ಚು ಉಬ್ಬುತ್ತದೆ, ಹಾಗಾಗಿ ಅದನ್ನು ಇಂಗಾಲದೊಂದಿಗೆ ಬೆರೆಸಿ ಮಿತವಾಗಿ ಬಳಸುತ್ತಾರೆ. ತೆಳುವು ಬೇಕೆಂದರೆ ಹೀಗೆ ಬೇಕು. ಜಾಗ ಕಸಿದುಕೊಂಡು ತಂದ ತೆಳುವಿಗೂ ಪದಾರ್ಥವನ್ನೇ ಉತ್ತಮಗೊಳಿಸಿ ತಂದ ತೆಳುವಿಗೂ ಅಜಗಜಾಂತರ.

ನಾವಿಬ್ಬರೂ ಒಂದು ದಿನ ಗಡಿಯ ಗದ್ದೆಗಳನ್ನು ಜೊತೆಯಾಗಿ ಮುಗಿಸಿದೆವು. ಅದೇ ಮಳೆ, ಅದೇ ನೆಟ್‌ವರ್ಕ್, ಹೆಚ್ಚುಕಡಿಮೆ ಅಷ್ಟೇ ಪ್ಲಾಟು. ಸಂಜೆ ನಾಲ್ಕಕ್ಕೆ ನನ್ನದು 6, ಅವಳದು 52. ಸೆಪ್ಟೆಂಬರ್ ಮೊದಲ ವಾರ ಶಿವಮೊಗ್ಗಕ್ಕೆ ಹೋಗಿ ನಾನೂ ಅದನ್ನೇ ತಂದೆ. ವಿಶಾಲ ಕೋನದ ಕ್ಯಾಮೆರಾ ಬೇಕೆನ್ನುವವರಿಗೆ ಇದು ಆಗುವುದಿಲ್ಲ, ಅದರಲ್ಲಿ ಆ ಕ್ಯಾಮೆರಾ ಇಲ್ಲ. ನನ್ನ ಕೆಲಸಕ್ಕೆ ಅದು ಬೇಕಿಲ್ಲ. 90 ವಾಟ್ ಚಾರ್ಜರ್ ಇರುವುದರಿಂದ, ಕರೆಂಟು ಬಂದು ಹೋಗುವ ನಮ್ಮಂಥ ಊರಿನಲ್ಲಿ ಊಟ ಮುಗಿಸುವಷ್ಟರಲ್ಲಿ ಸಾಕಷ್ಟು ತುಂಬಿಕೊಳ್ಳುತ್ತದೆ. ಜೇಬಿನಲ್ಲಿ ಮಾತ್ರ ಪೂರ್ತಿ ಕೂರುವುದಿಲ್ಲ. ಹೆಗಲಿನ ಚೀಲಕ್ಕೆ ಒಳಜೇಬು ಹೊಲಿಸಿಕೊಂಡಿದ್ದೇನೆ.

ತೆಳ್ಳನೆಯ ಫೋನು ಈಗ ಅಮ್ಮನದು. ಎರಡು ವರ್ಷದ ಹಿಂದೆ ಅಮ್ಮನ ಬಲಗೈ ಮಣಿಕಟ್ಟು ಮುರಿದಿತ್ತು. ಕೂಡಿದರೂ ಭಾರ ಹಿಡಿಯಲು ಆಗುವುದಿಲ್ಲ. ಎಂ51 ಹಿಡಿದು ತಮ್ಮನ ಮಗಳೊಂದಿಗೆ ವಿಡಿಯೋದಲ್ಲಿ ಮಾತಾಡುವಾಗ ಎರಡೇ ನಿಮಿಷಕ್ಕೆ ಡಬ್ಬಿಗೆ ಒರಗಿಸಿ ಇಡುತ್ತಿದ್ದರು. ಈಗ ಅರ್ಧ ಗಂಟೆ ಕೈಯಲ್ಲೇ ಹಿಡಿದು, ಮಗುವಿಗೆ ಕೊಟ್ಟಿಗೆಯ ಕರುವನ್ನೂ ಅಂಗಳದ ಡೇರೆ ಹೂವನ್ನೂ ತೋರಿಸುತ್ತಾ ತಿರುಗುತ್ತಾರೆ. ಅಮ್ಮನಿಗೆ ಒದಗಿದ್ದು ಹಗುರ. ಆರೂವರೆ ಮಿಲಿಮೀಟರ್ ಎಂಬುದು ಅವರಿಗೆ ಗೊತ್ತೂ ಇಲ್ಲ. ಕಂಪನಿಗಳು ದಪ್ಪದ ಅಂಕಿಯನ್ನು ದೊಡ್ಡದಾಗಿ ಬರೆದು ತೂಕವನ್ನು ಮೂಲೆಯಲ್ಲಿ ಬರೆಯುವುದನ್ನು ಬಿಟ್ಟು, ತೂಕವನ್ನೇ ಮೊದಲು ಹೇಳಿದರೆ ಅಮ್ಮನಂಥವರಿಗೆ ಆರಿಸಿಕೊಳ್ಳುವುದು ಸುಲಭವಾಗುತ್ತದೆ. ಮನೆಯಲ್ಲೇ ಇರುವ, ಪ್ಲಗ್ ಹತ್ತಿರವಿರುವ, ಕೈ ಸೋಲುವ ಯಾರಿಗಾದರೂ ಆ ಫೋನನ್ನು ನಾನು ಸಂಕೋಚವಿಲ್ಲದೆ ಕೊಳ್ಳಿ ಎನ್ನುತ್ತೇನೆ. ಹೊಲ, ಲೈನು, ರಸ್ತೆ, ಕಾಡು ಸುತ್ತುವವರಿಗೆ ಬೇಡ ಎನ್ನುತ್ತೇನೆ.

ಸೆಪ್ಟೆಂಬರ್ ಎರಡನೆಯ ವಾರ ಆ ಹಳ್ಳದಾಚೆಯ ಗದ್ದೆಯ ಸುತ್ತಲಿನ ಉಳಿದ ಪ್ಲಾಟುಗಳನ್ನೆಲ್ಲ ಒಂದೇ ದಿನ ಮುಗಿಸಿದೆ. ಕತ್ತಲಾಗುವ ಹೊತ್ತಿಗೆ ಮೋರಿಕಟ್ಟೆಯ ಮೇಲೆ ಕೂತು, ಒಂದು ಕಡ್ಡಿ ಸಿಗ್ನಲ್‌ನಲ್ಲಿ ಚಿತ್ರಗಳು ಒಂದೊಂದಾಗಿ ಮೇಲೇರುವುದನ್ನು ಕಾದೆ. ಕಾಲಿಗೆ ಹತ್ತಿದ ಉಂಬಳ ಕಿತ್ತು ಎಸೆದು ನೋಡಿದರೆ ಫೋನಿನಲ್ಲಿ ಇನ್ನೂ 41 ಇತ್ತು. ಅಮ್ಮನಿಗೆ ಕರೆ ಮಾಡಿ, ಹೊರಟೆ, ಹಂಡೆಗೆ ಬೆಂಕಿ ಹಾಕಿಡಿ ಎಂದೆ.