ಗೇಟಿಗೆ ಬೀಗ ಇರಲಿಲ್ಲ: ನನ್ನ ಸೈಕಲ್ ವಿಮೆ ಕೈಕೊಟ್ಟ ಕಥೆ

ಬೆಳಿಗ್ಗೆ ಐದೂವರೆಗೆ ಕಲಬುರಗಿಯ ಸೇಡಂ ರಸ್ತೆಗೆ ಬನ್ನಿ. ಒಳ್ಳೊಳ್ಳೆ ಸೈಕಲ್‌ಗಳು ಕಾಣುತ್ತವೆ. ಅರವತ್ತು ಸಾವಿರದ್ದು, ಲಕ್ಷದ್ದು, ಅದಕ್ಕೂ ಜಾಸ್ತಿ ಬೆಲೆಯದ್ದು. ಅವುಗಳನ್ನು ಓಡಿಸುವವರಲ್ಲಿ ಸುಮಾರು ಜನ ನನಗೆ ಪರಿಚಯ. ವಿಮೆ ಇದೆಯಾ ಅಂತ ಕೇಳಿದರೆ, "ಹೌದ್ರಿ, ಅಂಗಡಿಯವರೇ ಮಾಡಿಕೊಟ್ಟಾರ" ಅನ್ನುತ್ತಾರೆ. ಅದರಲ್ಲಿ ಏನು ಬರೆದಿದೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ. 2025ರ ಮೇ ತಿಂಗಳ ತನಕ ನಾನೂ ಅವರಂತೆಯೇ ಇದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂರು ವರ್ಷ ಚೀಟಿ ಕಟ್ಟಿ ಕೂಡಿಟ್ಟ ಹಣದಲ್ಲಿ 2024ರ ಆಗಸ್ಟ್‌ನಲ್ಲಿ ಹೈದರಾಬಾದಿಗೆ ಹೋಗಿ ಸೈಕಲ್ ತಂದೆ. ಬೆಲೆ 1,00,000, ಅದರ ಮೇಲೆ ಆಗಿನ ಜಿಎಸ್‌ಟಿ 12,000. ಒಟ್ಟು 1,12,000 ರೂಪಾಯಿ. ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಎರಡೂ ಕಡೆ ಡಿಸ್ಕ್ ಬ್ರೇಕ್. ಕಡು ಹಸಿರು ಬಣ್ಣ. ದಿನಾ ಬೆಳಿಗ್ಗೆ ವಿಶ್ವವಿದ್ಯಾಲಯ ದಾಟಿ ವಿಮಾನ ನಿಲ್ದಾಣದ ತಿರುವಿನ ತನಕ ಹೋಗಿ ಬರುತ್ತಿದ್ದೆ. ಒಂದು ಭಾನುವಾರ ಮಳಖೇಡದ ತನಕ ಹೋಗಿ, ಕಾಗಿಣಾ ದಂಡೆಯ ಕೋಟೆಯ ಹತ್ತಿರ ಕೂತು, ಕಟ್ಟಿಕೊಂಡು ಹೋಗಿದ್ದ ರೊಟ್ಟಿ ತಿಂದು ವಾಪಸ್ ಬಂದಿದ್ದೆ. ಆ ದಿನ ಎಷ್ಟು ಖುಷಿಯಾಗಿತ್ತು ಅಂತ ಈಗಲೂ ನೆನಪಿದೆ.

ಬಿಲ್ ಮಾಡುವಾಗ ಅಂಗಡಿಯ ಹುಡುಗ ವಿಮೆಯ ಮಾತು ಎತ್ತಿದ. "ಸರ್, ಮೂರು ಸಾವಿರ ಪ್ರೀಮಿಯಂ, ಟ್ಯಾಕ್ಸ್ ಸೇರಿ 3,540. ದಿನಕ್ಕೆ ಹತ್ತು ರೂಪಾಯಿನೂ ಬೀಳಲ್ಲ. ಕಳ್ಳತನ, ಅಪಘಾತ, ಬೆಂಕಿ ಎಲ್ಲಾ ಕವರ್ ಆಗುತ್ತೆ." ಲಕ್ಷದ ಸೈಕಲ್‌ಗೆ ಇದೇನು ದೊಡ್ಡದಲ್ಲ ಅನ್ನಿಸಿತು. ಕೊಟ್ಟೆ. ಸಂಜೆ ವಾಟ್ಸಾಪ್‌ಗೆ ಒಂದು ಪುಟದ ಸರ್ಟಿಫಿಕೇಟ್ ಬಂತು. ನನ್ನ ಹೆಸರು, ಮೊತ್ತ, ದಿನಾಂಕ. ಕೆಳಗೆ ಸಣ್ಣ ಅಕ್ಷರದಲ್ಲಿ, ಪೂರ್ತಿ ಷರತ್ತುಗಳಿಗೆ ಈ ಲಿಂಕ್ ನೋಡಿ ಅಂತ ಇತ್ತು. ನಾನು ಆ ಲಿಂಕ್ ತೆರೆಯಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಅಂಗಡಿಯಲ್ಲಿ ಮಾಡಿಕೊಡುವ ಇಂಥ ವಿಮೆ ಎಷ್ಟೋ ಸಲ ಗುಂಪು ಪಾಲಿಸಿ ಆಗಿರುತ್ತದೆ. ಮೂಲ ಪಾಲಿಸಿ ಇರುವುದು ವಿಮಾ ಕಂಪನಿಗೂ ನಡುವಿನ ಒಂದು ಸಂಸ್ಥೆಗೂ. ನಮಗೆ ಸಿಗುವುದು ಅದರ ಸರ್ಟಿಫಿಕೇಟ್ ಅಷ್ಟೇ. ನಿಜವಾದ ಷರತ್ತುಗಳು ಬೇರೆ ಕಾಗದದಲ್ಲಿ ಇರುತ್ತವೆ. ಕೆಲವು ಕಡೆ ಮಾರುವುದು ವಿಮೆಯೇ ಆಗಿರುವುದಿಲ್ಲ, "ಪ್ರೊಟೆಕ್ಷನ್ ಪ್ಲಾನ್" ಅಂತ ಒಂದು ಸೇವಾ ಒಪ್ಪಂದ. ವಿಮಾ ಕಂಪನಿಯ ಹೆಸರು, ಐಆರ್‌ಡಿಎಐ (ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರ) ಕೊಟ್ಟ ನೋಂದಣಿ ಸಂಖ್ಯೆ, ಆ ಪಾಲಿಸಿಯ ಯುಐಎನ್, ಅಂದರೆ ಗುರುತಿನ ಸಂಖ್ಯೆ, ಕಾಗದದ ಮೇಲೆ ಇವೆಯಾ ನೋಡಿ. ಇಲ್ಲದಿದ್ದರೆ ಹಣ ಕೊಡಬೇಡಿ.

ಈಗ ಆ ರಾತ್ರಿಯ ಮಾತು.

ಮೇ ತಿಂಗಳ ಸೆಕೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮನೆಯವರೆಲ್ಲ ಮಾಳಿಗೆ ಮೇಲೆ ಮಲಗಿದ್ದೆವು. ರಾತ್ರಿ ಎರಡು ಗಂಟೆಗೆ ನಳದ ನೀರು ಬಂತು. ಕೆಳಗಿಳಿದು, ಗೇಟಿನ ಬೀಗ ತೆಗೆದು, ಪೈಪ್ ಹಚ್ಚಿ, ಟ್ಯಾಂಕ್ ತುಂಬಿಸಿದೆ. ವಾಪಸ್ ಬರುವಾಗ ಗೇಟಿನ ಚಿಲಕ ಹಾಕಿದೆ, ಬೀಗ ಹಾಕಲಿಲ್ಲ. ಐದಕ್ಕೆ ಹಾಲಿನವನು ಬರುತ್ತಾನಲ್ಲ ಅಂತ. ಸೈಕಲ್ ಅಂಗಳದಲ್ಲಿ ಇತ್ತು. ಕೇಬಲ್ ಲಾಕ್‌ನಿಂದ ಕಿಟಕಿಯ ಗ್ರಿಲ್‌ಗೆ ಕಟ್ಟಿದ್ದೆ.

ಬೆಳಿಗ್ಗೆ ನೋಡಿದರೆ ಸೈಕಲ್ ಇಲ್ಲ. ಕತ್ತರಿಸಿದ ಕೇಬಲ್ ನೆಲದ ಮೇಲೆ ಬಿದ್ದಿತ್ತು. ಅವ್ವ ಅಂಗಳ ಗುಡಿಸುವಾಗ ಅದನ್ನು ಕಸಕ್ಕೆ ಹಾಕಿಬಿಟ್ಟಳು. ಪಾಲಿಕೆಯ ಕಸದ ಗಾಡಿ ಅದನ್ನು ಒಯ್ದಿತು. ಅದರ ಬೆಲೆ ಏನು ಅಂತ ಅವತ್ತು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವನ ತಪ್ಪಲ್ಲ. ನಾನು ಒಂದು ಫೋಟೋ ಆದರೂ ತೆಗೆದಿಟ್ಟುಕೊಳ್ಳಬೇಕಿತ್ತು.

ಪಕ್ಕದ ಮನೆಯ ಹುಡುಗ ಸಹಾಯಕ್ಕೆ ಬಂದ. "ಕಾಕಾ, ಸ್ಟೇಷನ್‌ಗೆ ಯಾಕ ಅಲೆದಾಡ್ತೀರಿ? ಮೊಬೈಲ್‌ನಾಗ ಕಂಪ್ಲೇಂಟ್ ಕೊಟ್ರ ಆಯ್ತು" ಅಂದ. ಅವನೇ ಕೂತು ಪೊಲೀಸ್ ಇಲಾಖೆಯ ಇ-ಲಾಸ್ಟ್‌ನಲ್ಲಿ ವಿವರ ತುಂಬಿದ. ತಕ್ಷಣ ರಶೀದಿ ಬಂತು. ದೂರು ದಾಖಲಾಯಿತು ಅಂತ ನಾನು ನೆಮ್ಮದಿಯಾದೆ. ಅದೇ ಕಾಗದ ವಿಮೆಯವರಿಗೆ ಕಳಿಸಿದೆ. ಐದನೇ ದಿನ ಫೋನ್ ಬಂತು: "ಸರ್, ಇದು ವಸ್ತು ಕಳೆದುಹೋಗಿದೆ ಅನ್ನೋ ರಶೀದಿ. ಕಳ್ಳತನದ ಎಫ್‌ಐಆರ್ ಬೇಕು."

ಇದನ್ನು ದಯವಿಟ್ಟು ಗಮನಿಸಿ. ಇ-ಲಾಸ್ಟ್ ಇರುವುದು ಎಲ್ಲೋ ಬಿದ್ದುಹೋದ, ಕಳೆದುಹೋದ ವಸ್ತುಗಳಿಗೆ. ಪರ್ಸ್, ಮಾರ್ಕ್ಸ್ ಕಾರ್ಡ್, ಸಿಮ್ ಇಂಥದ್ದಕ್ಕೆ. ಕಳ್ಳತನಕ್ಕೆ ಅದು ನಡೆಯುವುದಿಲ್ಲ. ನಿಮ್ಮ ಕೈಯಿಂದಲೇ "ಕಳೆದುಹೋಗಿದೆ" ಅಂತ ಬರೆದುಕೊಟ್ಟ ಹಾಗೆ ಆಗುತ್ತದೆ. ಆಮೇಲೆ "ಕಳುವಾಗಿದೆ" ಅಂದರೆ ಎರಡು ಮಾತು ಆಗುತ್ತದೆ ಅಲ್ವಾ? ಅದೇ ದಿನ ಸ್ಟೇಷನ್‌ಗೆ ಹೋಗಿ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಮಾಹಿತಿಯನ್ನು ಎಲೆಕ್ಟ್ರಾನಿಕ್ ಆಗಿ ಕಳಿಸಿ, ಮೂರು ದಿನದೊಳಗೆ ಹೋಗಿ ಸಹಿ ಹಾಕುವುದಕ್ಕೂ ಅವಕಾಶ ಇದೆ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು.

ನಾನು ಆರನೇ ದಿನ ಎಫ್‌ಐಆರ್ ಮಾಡಿಸಿದೆ. ಗೇಟಿಗೆ ಬೀಗ ಇತ್ತಾ ಅಂತ ಕೇಳಿದರು. ಇರಲಿಲ್ಲ, ಚಿಲಕ ಮಾತ್ರ ಇತ್ತು ಅಂದೆ. ಅವರು ಹಾಗೇ ಬರೆದುಕೊಂಡರು. ಅದು ಸತ್ಯ. ಇದನ್ನು ಓದಿ ಯಾರಾದರೂ "ಬೀಗ ಒಡೆದಿದ್ದರು ಅಂತ ಬರೆಸಬೇಕಿತ್ತು" ಅಂದರೆ ನಾನು ಒಪ್ಪುವುದಿಲ್ಲ. ಸುಳ್ಳು ದೂರು ಕೊಡುವ ಗತಿ ಬಾರದ ಹಾಗೆ ಮೊದಲೇ ಸರಿಯಾದ ಪಾಲಿಸಿ ತಗೊಳ್ಳಬೇಕು ಅಂತಲೇ ನಾನು ಹೇಳುವುದು.

ಆಮೇಲೆ ದಾಖಲೆಗಳ ಓಡಾಟ. ಮೂಲ ಬಿಲ್, ಲಾಕ್‌ನ ಎರಡೂ ಕೀಲಿ, ಲಾಕ್ ಕೊಂಡ ರಶೀದಿ, ಕತ್ತರಿಸಿದ ಲಾಕ್, ಫ್ರೇಮ್ ನಂಬರ್. ಫ್ರೇಮ್ ನಂಬರ್ ಸೈಕಲ್‌ನ ಹೊಟ್ಟೆಯ ಕೆಳಗೆ, ಪೆಡಲ್‌ಗಳು ಸೇರುವ ಕಡೆ ಕೊರೆದಿರುತ್ತದೆ. ಸೈಕಲ್ ತಲೆಕೆಳಗೆ ಮಾಡಿದರೆ ಕಾಣುತ್ತದೆ. ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಸರ್ಟಿಫಿಕೇಟ್‌ನಲ್ಲಿ ಆ ಜಾಗದಲ್ಲಿ ಅಂಗಡಿಯವರು ಬಿಲ್ ನಂಬರ್ ತುಂಬಿದ್ದರು! ಅಂಗಡಿಯಿಂದ ತಿದ್ದುಪಡಿ ಪತ್ರ ತರಿಸುವುದಕ್ಕೆ ಮತ್ತೆ ಹನ್ನೆರಡು ದಿನ ಹೋಯಿತು. ಸೈಕಲ್ ಸಿಗಲಿಲ್ಲ ಅಂತ ಪೊಲೀಸರು ಕೊಡುವ ಸಿ ರಿಪೋರ್ಟ್‌ಗೂ ಕಾಯಿ ಅಂದರು.

ಕೊನೆಗೆ ಜುಲೈನಲ್ಲಿ ಪತ್ರ ಬಂತು. ಕ್ಲೇಮ್ ತಿರಸ್ಕಾರ. ಕಾರಣ: ಮನೆಯ ಆವರಣದಿಂದ ಕಳುವಾದರೆ, ಕಳ್ಳ ಬಲಪ್ರಯೋಗ ಮಾಡಿ ಒಳಗೆ ನುಗ್ಗಿದ ಗುರುತು ಇರಬೇಕು. ಎಫ್‌ಐಆರ್‌ನಲ್ಲೇ ಗೇಟಿಗೆ ಬೀಗ ಇರಲಿಲ್ಲ ಅಂತ ಇದೆ. ಹಾಗಾಗಿ ಇದು ಕವರ್ ಆಗುವುದಿಲ್ಲ.

ನಾನು ಫೋನ್ ಮಾಡಿ ಕೇಳಿದೆ. "ಕೇಬಲ್ ಕತ್ತರಿಸ್ಯಾರಲ್ರಿ, ಅದು ಬಲಪ್ರಯೋಗ ಅಲ್ಲೇನ್ರಿ?" ಆ ಕಡೆಯ ಹೆಣ್ಣುಮಗಳು ಸಮಾಧಾನದಿಂದಲೇ ಹೇಳಿದಳು: "ಅದು ಸೈಕಲ್ ಮೇಲೆ ಮಾಡಿದ್ದು ಸರ್. ಪಾಲಿಸಿ ಕೇಳೋದು ಒಳಗೆ ಬರುವಾಗ ಮಾಡಿದ್ದು."

ಆ ರಾತ್ರಿ ಲಿಂಕ್ ತೆರೆದು ಷರತ್ತು ಓದಿದೆ. ಅವಳು ಹೇಳಿದ್ದೇ ಬರೆದಿತ್ತು.

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ವಿಮೆಯ ಭಾಷೆಯಲ್ಲಿ ಬರ್ಗ್ಲರಿ ಬೇರೆ, ಥೆಫ್ಟ್ ಬೇರೆ. ನಮಗೆ ಎರಡೂ ಕಳ್ಳತನವೇ. ಅವರಿಗೆ ಬರ್ಗ್ಲರಿ ಅಂದರೆ ಬೀಗ, ಬಾಗಿಲು, ಗ್ರಿಲ್ ಮುರಿದು ಒಳಗೆ ಬಂದು ಕದಿಯುವುದು. ಥೆಫ್ಟ್ ಅಂದರೆ ಸುಮ್ನೆ ಎತ್ತಿಕೊಂಡು ಹೋಗುವುದೂ ಸೇರಿ. ಮೋಟಾರ್ ಬೈಕ್, ಕಾರುಗಳ ಪಾಲಿಸಿಯಲ್ಲಿ ಬರ್ಗ್ಲರಿ, ಹೌಸ್‌ಬ್ರೇಕಿಂಗ್, ಥೆಫ್ಟ್ ಅಂತ ಮೂರೂ ಪದ ಇರುತ್ತವೆ. ನಾವು ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಸೈಕಲ್‌ಗೂ ಹಾಗೇ ಇರುತ್ತದೆ ಅಂದುಕೊಳ್ಳುತ್ತೇವೆ. ಆದರೆ ಸೈಕಲ್ ಮೋಟಾರು ವಾಹನ ಅಲ್ಲ. ಅದಕ್ಕೆ ವಿಮೆ ಕಡ್ಡಾಯ ಇಲ್ಲ. ಷರತ್ತು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ.

ಇಲ್ಲಿಯ ಕೋರ್ಟ್‌ನಲ್ಲಿ ವಕೀಲಿ ಮಾಡುವ ಗೆಳೆಯನೊಬ್ಬನಿಗೆ ಕಾಗದ ತೋರಿಸಿದೆ. ಅವನು ಎರಡು ತೀರ್ಪು ಹೇಳಿದ. 2004ರಲ್ಲಿ ಸುಪ್ರೀಂ ಕೋರ್ಟ್, ಪಾಲಿಸಿಯಲ್ಲಿ ಬಲಪ್ರಯೋಗದ ಷರತ್ತು ಇದ್ದರೆ ಅದಿಲ್ಲದ ಕಳ್ಳತನಕ್ಕೆ ಹಣ ಕೇಳಲಾಗದು ಅಂದಿದೆ. ಅದು ನನಗೆ ಎದುರು. ಆದರೆ 2019ರ ಇನ್ನೊಂದು ತೀರ್ಪಿನಲ್ಲಿ, ಅಂಥದ್ದೇ ಷರತ್ತು ಇದ್ದರೂ ಆ ಷರತ್ತಿನ ಕಾಗದ ಗ್ರಾಹಕನ ಕೈಗೆ ಕೊಟ್ಟೇ ಇರದಿದ್ದರೆ ಅದನ್ನು ಅವನ ಮೇಲೆ ಹೇರುವಂತಿಲ್ಲ ಅಂದಿದೆ. "ನಿನಗ ಕಾಗದ ಕೊಟ್ಟಾರೇನು?" ಅಂತ ಕೇಳಿದ. ಕಾಗದ ಕೊಟ್ಟಿಲ್ಲ, ಲಿಂಕ್ ಕೊಟ್ಟಿದ್ದಾರೆ. ನನ್ನ ಕೇಸು ಈಗ ನಿಂತಿರುವುದು ಅಲ್ಲೇ.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಒಪ್ಪಲಿಲ್ಲ. ಆಮೇಲೆ ವಿಮಾ ಒಂಬುಡ್ಸ್‌ಮನ್‌ಗೆ, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿಗೆ, ದೂರು ಹಾಕಿದೆ. ನಮ್ಮ ರಾಜ್ಯದ ಕಚೇರಿ ಬೆಂಗಳೂರಿನಲ್ಲಿದೆ. ಫೀಸ್ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕರ ಆಯೋಗ ನಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿ ಎರಡು ವರ್ಷದ ಅವಧಿ. ನನ್ನದು ಇನ್ನೂ ತೀರ್ಮಾನ ಆಗಿಲ್ಲ. ಹಣ ಬರಬಹುದು, ಬರದೆಯೂ ಇರಬಹುದು.

ಆ ಷರತ್ತು ಓದುತ್ತಾ ಹೋದ ಹಾಗೆ ಬೇರೆ ತೊಡಕುಗಳೂ ಕಂಡವು. ಪೂರ್ತಿ ಸೈಕಲ್ ಹೋದರೆ ಮಾತ್ರ ಕ್ಲೇಮ್. ಬರೀ ಚಕ್ರ, ಸೀಟು, ಲೈಟು ಬಿಚ್ಚಿಕೊಂಡು ಹೋದರೆ ಏನೂ ಇಲ್ಲ. ನಮ್ಮ ಚಕ್ರಗಳು ಪಾನಾ ಇಲ್ಲದೆ ಬಿಚ್ಚುವಂಥವು. ಸೂಪರ್ ಮಾರ್ಕೆಟ್‌ನಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಮುಂದಿನ ಚಕ್ರ ಹೋಗುವುದು ಕಷ್ಟದ ಮಾತಲ್ಲ. ರಸ್ತೆಯಲ್ಲಿ ನಿಲ್ಲಿಸಿದರೆ ಕಂಬಕ್ಕೋ ಗ್ರಿಲ್‌ಗೋ ಕಟ್ಟಿರಬೇಕು. ರೇಸ್‌ನಲ್ಲಿ ಆದ ನಷ್ಟಕ್ಕೆ ಹಣ ಇಲ್ಲ, "ರಿಲಯಬಿಲಿಟಿ ಟ್ರಯಲ್"ನಲ್ಲಿ ಆದದ್ದಕ್ಕೂ ಇಲ್ಲ. 200 ಕಿಲೋಮೀಟರ್ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಓಡಿಸುವ ಗೆಳೆಯರು ಈ ಪದವನ್ನು ನೋಡಿಕೊಳ್ಳಿ. ಬ್ರೆವೆ ರೇಸ್ ಅಲ್ಲ ಅಂತ ನಮಗೆ ಗೊತ್ತು, ಆದರೆ ಹದಿಮೂರೂವರೆ ಗಂಟೆಯ ಗಡುವು ಇರುವ ಓಟವನ್ನು ಅವರು ಏನಂತ ಕರೆಯುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ.

ಮೊತ್ತದ್ದೂ ಒಂದು ತೊಡಕಿತ್ತು. ಅಂಗಡಿಯವರು ಟ್ಯಾಕ್ಸ್ ಬಿಟ್ಟು 1,00,000ಕ್ಕೆ ವಿಮೆ ಮಾಡಿಸಿದ್ದರು. ನಾನು ಕೊಟ್ಟಿದ್ದು 1,12,000. ಬೆಲೆಗಿಂತ ಕಡಿಮೆಗೆ ವಿಮೆ ಮಾಡಿಸಿದರೆ ಪರಿಹಾರವನ್ನೂ ಅದೇ ಲೆಕ್ಕದಲ್ಲಿ ಕತ್ತರಿಸುವ ಷರತ್ತು ಇರುತ್ತದೆ. ಅಪಘಾತದಲ್ಲಿ 20,000 ಖರ್ಚಾದರೆ ನನಗೆ ಸಿಗುತ್ತಿದ್ದದ್ದು 17,857. ಅದರಲ್ಲಿ ಸವಕಳಿ, ನಾವೇ ಹೊರಬೇಕಾದ ಪಾಲು ಬೇರೆ ಕಳೆಯುತ್ತಾರೆ.

ಮನೆ ವಿಮೆ ಇದೆಯಲ್ಲ ಅನ್ನುವವರಿಗೂ ಒಂದು ಮಾತು. 2021ರ ಏಪ್ರಿಲ್‌ನಿಂದ ಇರುವ ಭಾರತ್ ಗೃಹ ರಕ್ಷಾ ಒಳ್ಳೆಯ ಪಾಲಿಸಿ. ಆದರೆ ಅದು ಬೆಂಕಿ, ಪ್ರವಾಹದಂಥ ಅವಘಡಕ್ಕೆ. ಕಳ್ಳತನ ಅದರಲ್ಲಿ ಸೇರುವುದು ಅಂಥ ಅವಘಡ ಆದ ಏಳು ದಿನದೊಳಗೆ, ಅದರ ಕಾರಣದಿಂದ ಆದರೆ ಮಾತ್ರ. ಮಾಮೂಲಿ ರಾತ್ರಿ ಬಂದ ಕಳ್ಳನಿಗೆ ಅದು ಅನ್ವಯಿಸುವುದಿಲ್ಲ. ಕೆಲವು ಮನೆ ಪ್ಯಾಕೇಜ್ ಪಾಲಿಸಿಗಳಲ್ಲಿ ಪೆಡಲ್ ಸೈಕಲ್ ಅಂತಲೇ ಒಂದು ಭಾಗ ಇರುತ್ತದೆ, ಅದನ್ನು ಕೇಳಿ ಸೇರಿಸಿಕೊಳ್ಳಬೇಕು. ನಾನಾದರೆ ಈಗ ಬರೀ ಸೈಕಲ್‌ಗೆ ಅಂತ ಮಾರುವ ಪಾಲಿಸಿಗಿಂತ ಮೊದಲು ಇದನ್ನೇ ವಿಚಾರಿಸುತ್ತೇನೆ.

ವಿಚಾರಿಸುವುದು ಫೋನಿನಲ್ಲಿ ಬೇಡ, ಇಮೇಲ್‌ನಲ್ಲಿ. ನಿಮ್ಮ ಸೈಕಲ್ ರಾತ್ರಿ ನಿಜವಾಗಿ ಎಲ್ಲಿ ನಿಲ್ಲುತ್ತದೋ ಆ ಜಾಗವನ್ನೇ ಬರೆದು ಕೇಳಿ. "ಕಾಂಪೌಂಡ್ ಒಳಗಿನ ಅಂಗಳ, ಮೇಲೆ ಸೂರು ಇಲ್ಲ, ಗೇಟಿಗೆ ಕೆಲವು ರಾತ್ರಿ ಬೀಗ ಇರುವುದಿಲ್ಲ, ಸೈಕಲ್ ಗ್ರಿಲ್‌ಗೆ ಕಟ್ಟಿರುತ್ತದೆ. ಕಳುವಾದರೆ ಹಣ ಕೊಡುತ್ತೀರಾ?" ಅಷ್ಟೇ. ಬಾಗಿಲು ಹಾಕಿಕೊಂಡು ಫ್ಲ್ಯಾಟ್‌ನಲ್ಲಿ ಇರುವವರನ್ನು ನೆನೆದು ಬರೆದ ಷರತ್ತುಗಳು ಅವು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿ, ನಡುರಾತ್ರಿ ನಳದ ನೀರಿಗೆ ಗೇಟು ತೆಗೆಯುವ ನಮ್ಮ ಬದುಕು ಅದರಲ್ಲಿ ಇಲ್ಲ. ಉತ್ತರ ಬರಹದಲ್ಲಿ ಬಂದರೆ ಪ್ರಿಂಟ್ ತೆಗೆದು ಬಿಲ್ ಜೊತೆ ಇಡಿ. ಬರದಿದ್ದರೆ ಆ 3,540ಕ್ಕೆ ದಪ್ಪನೆಯ ಯು-ಲಾಕ್ ತಂದು, ಸೈಕಲ್‌ನ್ನು ಪಡಸಾಲೆಯ ಒಳಗೆ ನಿಲ್ಲಿಸಿ.

ಈಗಾಗಲೇ ಪಾಲಿಸಿ ಇರುವವರು ಇವತ್ತೇ ಸೈಕಲ್ ತಿರುಗಿಸಿ ಫ್ರೇಮ್ ನಂಬರ್ ಫೋಟೋ ತೆಗೆಯಿರಿ. ಸರ್ಟಿಫಿಕೇಟ್‌ನ ನಂಬರ್ ಜೊತೆ ಹೋಲಿಸಿ. ಲಿಂಕ್ ಇದ್ದರೆ ತೆರೆದು ಓದಿ. ಷರತ್ತು ನಿಮಗೆ ಹೊಂದದಿದ್ದರೆ, ಕ್ಲೇಮ್ ಮಾಡಿರದಿದ್ದರೆ, ಪಾಲಿಸಿ ರದ್ದು ಮಾಡಿ ಉಳಿದ ದಿನಗಳ ಹಣ ವಾಪಸ್ ಕೇಳಿ.

ನನ್ನ ಸೈಕಲ್ ಇನ್ನೂ ಸಿಕ್ಕಿಲ್ಲ. ಕಡು ಹಸಿರು ಬಣ್ಣ, ಹ್ಯಾಂಡಲ್‌ಗೆ ಕಪ್ಪು ಟೇಪು, ಎಡಗಡೆ ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ಮೇಲೆ ಬೆರಳುದ್ದದ ಗೀರು. ಆ ಗೀರು ಮಳಖೇಡಕ್ಕೆ ಹೋದ ದಿನ ಬಿದ್ದದ್ದು. ಕಲಬುರಗಿ, ಶಹಾಬಾದ, ಹುಮನಾಬಾದ, ಯಾದಗಿರಿ ಕಡೆ ಯಾರಾದರೂ ಬಿಲ್ ಇಲ್ಲದೆ ಕಡಿಮೆ ಬೆಲೆಗೆ ಇಂಥ ಸೈಕಲ್ ಮಾರಲು ಬಂದರೆ, ಕೊಳ್ಳಬೇಡಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.