ರೆಡಿಮೇಡ್ ಕೋಳಿ ಗೂಡಿಗೆ ದುಡ್ಡು ಕಟ್ಟೋ ಮುಂಚೆ ಇದನ್ನೊಂದ್ಸಲ ಓದಿ

ಆನ್‌ಲೈನ್‌ನಲ್ಲಿ ರೆಡಿಮೇಡ್ ಕೋಳಿ ಗೂಡು ನೋಡ್ತಾ ಇರೋರು ಸ್ವಲ್ಪ ತಡೀರಿ. ನಾನು 14,500 ರೂಪಾಯಿ ಕೊಟ್ಟು ತರಿಸ್ದೆ, ಮಳೆಗಾಲ ಮುಗಿಯೋದ್ರೊಳಗೆ ಒಂಬತ್ತು ಕೋಳೀಲಿ ಏಳು ಹೋದ್ವು.

ನಮ್ಮದು ಸಕಲೇಶಪುರದ ಕಡೆ, ತೋಟದ ಮಧ್ಯೆ ಮನೆ. ಅವ್ವ ಮೊದ್ಲಿಂದ್ಲೂ ನಾಟಿ ಕೋಳಿ ಸಾಕ್ತಾರೆ. ಹಳೇ ಒಡ್ಡಿ ಕುಸಿದಿತ್ತು, ಬಡಗಿ ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತಿದ್ರು, ಮಳೆ ಹಿಡಿಯೋಕೆ ಮುಂಚೆ ಆಗ್ಲಿ ಅಂತ ಮೇ ತಿಂಗಳಲ್ಲಿ ನಾನೇ ಆರ್ಡರ್ ಮಾಡ್ದೆ, 12 ಕೋಳಿಗೆ ಸಾಕು ಅಂತ ಬರೆದಿದ್ರು, ಫೋಟೋನೂ ಚೆನ್ನಾಗಿತ್ತು, ಅಳತೆ ಕೇಳ್ಬೇಕು ಅಂತ ಹೊಳೀಲೇ ಇಲ್ಲ.

ಬಂದ್ಮೇಲೆ ಟೇಪ್ ಹಿಡಿದ್ರೆ ಉದ್ದ 4 ಅಡಿ, ಅಗಲ ಎರಡೂವರೆ. ಅಂದ್ರೆ 10 ಚದರಡಿ. ಬೆಳೆದ ಮೊಟ್ಟೆ ಕೋಳಿಗೆ ಒಂದಕ್ಕೆ 2 ಚದರಡಿನಾದ್ರೂ ಬೇಕು, ಲೆಕ್ಕ ಹಾಕಿ, ಐದೇ ಕೋಳಿ. ನಾವು ಒಂಬತ್ತು ಬಿಟ್ವಿ. ಜೂನ್‌ನಲ್ಲಿ ಮಳೆ ಶುರು ಆಯ್ತು ನೋಡಿ, ಹಾಕಿದ್ದ ಭತ್ತದ ಹೊಟ್ಟು ಒಣಗ್ಲೇ ಇಲ್ಲ, ಗಾಳಿ ಆಡೋಕೆ ಮೇಲ್ಗಡೆ ಒಂದು ಕಿಂಡಿನೂ ಇಲ್ಲ, ಬೆಳಿಗ್ಗೆ ಬಾಗಿಲು ತೆಗೆದ್ರೆ ಆ ಘಾಟಿಗೆ ನಮ್ಮ ಕಣ್ಣೇ ಉರಿಯೋದು, ಇನ್ನು ರಾತ್ರಿಯೆಲ್ಲಾ ಒಳಗಿರೋ ಕೋಳಿ ಗತಿ ಏನು? ಎರಡು ಕೋಳಿ ಗೊರಗೊರ ಅಂತ ಉಸಿರೆಳೆದು ಸತ್ವು.

ಆಮೇಲೆ ಹಲಗೆ ನೀರು ಕುಡಿದು ಉಬ್ತು. ಬಾಗಿಲು ಸರಿಯಾಗಿ ಕೂರ್ತಿರ್ಲಿಲ್ಲ, ಚಿಲಕ ಅರ್ಧಕ್ಕೇ ನಿಲ್ಲೋದು. ನಾನು ಹಗ್ಗ ಕಟ್ಟಿ ಸುಮ್ಮನಾದೆ. ಜುಲೈನಲ್ಲಿ ಒಂದು ರಾತ್ರಿ ಕಾಡುಬೆಕ್ಕೋ ಪುನುಗಿನ ಬೆಕ್ಕೋ ಗೊತ್ತಿಲ್ಲ, ಮಳೆ ಸದ್ದಿಗೆ ನಮಗೊಂದೂ ಕೇಳಿಸ್ಲಿಲ್ಲ. ಅದು ಬಾಗಿಲ ಹತ್ರ ಹೋಗೇ ಇಲ್ಲ, ಕೆಳಗಿನ ಮೂಲೇಲಿ ಜಾಲರಿ ಕಿತ್ಕೊಂಡು ನುಗ್ಗಿದೆ. ಆ ಜಾಲರಿ ಹೊಡೆದಿದ್ದು ಪೇಪರ್‌ಗೆ ಹೊಡೆಯೋ ಥರದ ಪಿನ್ನಲ್ಲಿ, ಉಳಿದಿದ್ದ ಪಿನ್ನನ್ನ ನಾನು ಉಗುರಲ್ಲೇ ಎಬ್ಬಿಸಿ ತೆಗೆದೆ. ಐದು ಕೋಳಿ ಹೋಯ್ತು. ಅದ್ರಲ್ಲಿ ಒಂದು ಕಾವಿಗೆ ಕೂತಿದ್ದ ಕೆಂಪು ಹ್ಯಾಟೆ, ಅವತ್ತಿಗೆ 19 ದಿನ, ಇನ್ನೆರಡು ದಿನಕ್ಕೆ ಮರಿ ಆಗ್ತಿದ್ವು. ಅವ್ವ ಆ ಮೊಟ್ಟೆಗಳನ್ನ ಸೆರಗಲ್ಲಿ ಸುತ್ಕೊಂಡು ಒಲೆ ಪಕ್ಕ ತುಂಬಾ ಹೊತ್ತು ಕೂತಿದ್ರು, ಒಂದೂ ಉಳೀಲಿಲ್ಲ.

ಮಾರಿದೋರಿಗೆ ಫೋನ್ ಮಾಡಿದ್ರೆ ಜೋಡಿಸಿದ ಮೇಲೆ ವಾಪಸ್ ಇಲ್ಲ ಅಂದ್ರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ, ಇನ್ನೂ ನಡೀತಿದೆ.

ತಗೊಳ್ಲೇಬೇಕು ಅನ್ನೋರು ಎಷ್ಟು ಕೋಳಿಗೆ ಅಂತ ಕೇಳ್ಬೇಡಿ, ಒಳಗಿನ ನೆಲದ ಅಳತೆ ಕೇಳಿ. ಆರು ಮೂಲೆ ಕಣ್ಣಿನ ತೆಳು ಜಾಲರಿ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ ಅಷ್ಟೇ, ಹೊರಗಿಂದ ಬರೋದನ್ನ ತಡೆಯಲ್ಲ, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದ್ರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ಬೇಕು, ಅದ್ರ ಮೇಲೆ ಪಟ್ಟಿ ಇಟ್ಟು ಸ್ಕ್ರೂ ಹಾಕಿರ್ಬೇಕು. ಗೂಡಿನ ಕಾಲು 8 ಇಂಚೇ ಇದ್ರೆ ಕೆಳಗೆ ಪೊರಕೆನೂ ಹೋಗಲ್ಲ, ಹೆಗ್ಗಣ ಮಾತ್ರ ಸೇರ್ಕೊಳುತ್ತೆ. ಮಲೆನಾಡಿನೋರು ಮರದ್ದು ಬೇಡ್ವೇ ಬೇಡ.

ಈಗ ಪೇಟೆ ವೆಲ್ಡಿಂಗ್ ಅಂಗಡೀಲಿ ಆಂಗಲ್‌ದು ಮಾಡಿಸಿದ್ವಿ, ಮನೇಲಿದ್ದ ಹಳೇ ಮಂಗಳೂರು ಹೆಂಚನ್ನೇ ಹೊದಿಸಿ ಹತ್ತತ್ರ 11,000 ಆಯ್ತು. ಉಳಿದ ಎರಡು ಕೋಳಿ ಮಾತ್ರ ಎಷ್ಟು ಅಟ್ಟಿದ್ರೂ ಅದ್ರೊಳಗೆ ಹೋಗ್ತಿಲ್ಲ, ಸಂಜೆ ಆದ್ರೆ ಹಲಸಿನ ಮರ ಹತ್ತಿ ಕೂರ್ತವೆ.